ನಲವತ್ತಾರು ಟರ್ಬೈನ್ ಕಾರುಗಳನ್ನು ಸುಟ್ಟದ್ದೇಕೆ? ಹೊಂಗೆ ಎಣ್ಣೆಯಲ್ಲಿ ಅಂಥದ್ದು ಓಡೀತೇ?

ಓದುಗರ ಪ್ರಶ್ನೆ: "ನಾನು ಹುಬ್ಬಳ್ಳಿಯಲ್ಲಿ ಡೀಸೆಲ್ ಪಂಪ್, ನಾಝಲ್ ರಿಪೇರಿ ಅಂಗಡಿ ನಡೆಸುತ್ತೇನೆ. ಮಗ ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದಾನೆ. 1963ರ ಕ್ರೈಸ್ಲರ್ ಟರ್ಬೈನ್ ಕಾರಿನ ವಿಡಿಯೊ ನೋಡಿದಾಗಿನಿಂದ ಇಬ್ಬರಿಗೂ ಅದರದೇ ಗುಂಗು. ಡೀಸೆಲ್, ಸೀಮೆಎಣ್ಣೆ, ಶೇಂಗಾ ಎಣ್ಣೆ, ಕೊನೆಗೆ ಮದ್ಯ ಹಾಕಿದರೂ ಓಡಿತಂತೆ. ಅಂಥ ಕಾರುಗಳನ್ನು ಕಂಪನಿಯೇ ಸುಟ್ಟು ಹಾಕಿತಂತೆ. ಇದರ ಹಿಂದೆ ತೈಲ ಕಂಪನಿಗಳ ಕೈವಾಡ ಇತ್ತೇ? ಗುಜರಿಯಲ್ಲಿ ಸಿಕ್ಕ ಲಾರಿ ಟರ್ಬೊ ಒಂದು ನನ್ನ ಬಳಿ ಇದೆ. ಅದರಿಂದ ಟರ್ಬೈನ್ ಎಂಜಿನ್ ಮಾಡಿ, ಮನೆಯ ಹಳೇ ಅಂಬಾಸಿಡರ್‌ಗೆ ಕೂರಿಸಿ, ಹೊಂಗೆ ಎಣ್ಣೆಯಲ್ಲಿ ಓಡಿಸಬೇಕೆಂದು ಮಗನ ಪ್ರಾಜೆಕ್ಟ್ ಯೋಚನೆ. ಆಗುವ ಮಾತೇ?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ: ಆ ಕಾರುಗಳಿಗೆ ಏನಾಯಿತು, 'ಯಾವ ಎಣ್ಣೆಯಾದರೂ ಸರಿ' ಎಂಬುದು ಎಷ್ಟು ನಿಜ, ನಿಮ್ಮ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ) ಏನು ಮಾಡಬಲ್ಲದು. ಮೂರಕ್ಕೂ ಬೇರು ಒಂದೇ. ಸಣ್ಣ ಗ್ಯಾಸ್ ಟರ್ಬೈನ್ (ಕಂಪ್ರೆಸರಿನಿಂದ ಗಾಳಿ ಒತ್ತಿ, ಅದರಲ್ಲಿ ಇಂಧನ ಉರಿಸಿ, ಆ ಬಿಸಿ ಅನಿಲದಿಂದ ಚಕ್ರ ತಿರುಗಿಸುವ ಎಂಜಿನ್) ಅರೆ ಹೊರೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಕಾರು. ಎಲ್ವುಡ್ ಎಂಗೆಲ್ ವಿನ್ಯಾಸ ಮಾಡಿದ ಎರಡು ಬಾಗಿಲಿನ, ನಾಲ್ಕು ಸೀಟಿನ ಗಾಡಿ ಅದು. ಬಾಡಿಯನ್ನು ಇಟಲಿಯ ಟ್ಯೂರಿನ್‌ನಲ್ಲಿ ಗಿಯಾ ಎಂಬ ಕಾರ್ಖಾನೆಯವರು ಕೈಯಿಂದ ಕಟ್ಟಿ ಹಡಗಿಗೆ ಹಾಕುತ್ತಿದ್ದರು. ಡೆಟ್ರಾಯ್ಟ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಕೂರುತ್ತಿತ್ತು. 5 ಮಾದರಿ ಕಾರು, ಆಮೇಲೆ 50, ಒಟ್ಟು 55. ಆ 50 ಕಾರುಗಳಿಗೂ ಒಂದೇ ಕಂಚಿನ ಬಣ್ಣ, ಕಪ್ಪು ವಿನೈಲ್ ಛಾವಣಿ. 1963ರಿಂದ 1966ರ ಆರಂಭದವರೆಗೆ 203 ಸಾಮಾನ್ಯ ಕುಟುಂಬಗಳಿಗೆ ತಲಾ ಮೂರು ತಿಂಗಳು ಓಡಿಸಲು ಕೊಟ್ಟರು. ಎಲ್ಲ ಸೇರಿ ಹತ್ತು ಲಕ್ಷ ಮೈಲಿಗೂ ಹೆಚ್ಚು ಓಡಿದವು. ಹಾಗಾಗಿ ಪ್ರದರ್ಶನದ ವೇದಿಕೆಯಲ್ಲಿ ತಿರುಗುತ್ತಾ ನಿಂತು ಮರೆಯಾದ ಕಾನ್ಸೆಪ್ಟ್ ಕಾರುಗಳ ಸಾಲಿಗೆ ಇದನ್ನು ಸೇರಿಸಲಾಗದು. ಸಂತೆಗೂ ಶಾಲೆಗೂ ಹೋಗಿಬಂದ ಗಾಡಿ ಇದು. ಇದರ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗಿರುವುದೂ ಅದರಿಂದಲೇ.

ಕೀಲಿ ತಿರುಗಿಸಿ ಬಿಟ್ಟರೆ ಉಳಿದದ್ದು ತಾನೇ ನಡೆಯುತ್ತಿತ್ತು. ಸ್ಟಾರ್ಟರ್ ಮೋಟಾರು ಕಂಪ್ರೆಸರನ್ನು ತಿರುಗಿಸುತ್ತದೆ, ಇರುವ ಒಂದೇ ಪ್ಲಗ್ ಕಿಡಿ ಹಾಕುತ್ತದೆ, ಟ್ಯಾಕೊಮೀಟರಿನ ಮುಳ್ಳು ಏರಿ 18,000ರಿಂದ 22,000 ಆರ್‌ಪಿಎಂ ನಡುವೆ ನಿಲ್ಲುತ್ತದೆ. ಅದು ಬರೀ ಐಡ್ಲಿಂಗ್. ಪೂರ್ಣ ವೇಗ 44,500ರ ಹತ್ತಿರ. ಪಕ್ಕದ ಗಡಿಯಾರದಲ್ಲಿ ಟರ್ಬೈನಿಗೆ ಒಳಹೋಗುವ ಅನಿಲದ ಉಷ್ಣತೆ ಕಾಣುತ್ತಿತ್ತು. ಮುಳ್ಳು ಸ್ಥಿರವಾಗುವ ಮೊದಲೇ ಆತುರಪಟ್ಟು ಗೇರ್ ಹಾಕಿದರೆ ಸ್ಟಾರ್ಟ್ ಕೆಡುತ್ತಿತ್ತು. ಬಳಸಿದವರಿಗೆ ಬಂದ ತೊಂದರೆಗಳಲ್ಲಿ ಇದೂ ಒಂದು. ಎತ್ತರದ ಊರುಗಳಲ್ಲಿ ತೆಳು ಗಾಳಿಯಿಂದಾಗಿಯೂ ಸ್ಟಾರ್ಟ್ ಮಾಡುವುದು ಕಷ್ಟವಾಗುತ್ತಿತ್ತು.

ಎ-831 ಎಂಬ ಈ ಎಂಜಿನ್ 130 ಅಶ್ವಶಕ್ತಿಯದು. ಚಕ್ರ ನಿಂತಲ್ಲೇ ಇರುವಾಗ 576 ನ್ಯೂಟನ್ ಮೀಟರ್ ಟಾರ್ಕ್. ತೂಕ ಸುಮಾರು 190 ಕಿಲೊ. ಚಲಿಸುವ ಭಾಗಗಳು ಪಿಸ್ಟನ್ ಎಂಜಿನ್ನಿನ ಐದರಲ್ಲೊಂದು ಪಾಲು. ರೇಡಿಯೇಟರ್ ಇಲ್ಲ, ಆಯಿಲ್ ಬದಲಿಸುವ ತಾಪತ್ರಯ ಇಲ್ಲವೆಂಬಷ್ಟು ಕಡಿಮೆ, ಕೊರೆಯುವ ಚಳಿಯಲ್ಲೂ ಸ್ಟಾರ್ಟ್, ನಡುಕವೇ ಇಲ್ಲ. ಇಷ್ಟು ಗುಣ ಇದ್ದೂ ಸೋತದ್ದು ಯಾಕೆ?

ಟರ್ಬೈನ್ ಉತ್ಪಾದಿಸುವ ಶಕ್ತಿಯಲ್ಲಿ ಮೂರನೇ ಎರಡು ಪಾಲು ತನ್ನದೇ ಕಂಪ್ರೆಸರ್ ತಿರುಗಿಸಲು ಹೋಗುತ್ತದೆ. ಮಿಕ್ಕ ಒಂದು ಪಾಲು ಮಾತ್ರ ನಮಗೆ. ವಿಮಾನ ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ಹೊರೆಯಲ್ಲಿ ಹಾರುತ್ತದೆ, ಅಲ್ಲಿ ಈ ಲೆಕ್ಕ ಸರಿದೂಗುತ್ತದೆ. ಊರೊಳಗೆ ಓಡುವ ಕಾರಿಗೆ ಬೇಕಾಗುವುದು ಹತ್ತು ಹದಿನೈದು ಅಶ್ವಶಕ್ತಿ. ಹೊರೆ ಇಳಿದಾಗ ಟರ್ಬೈನಿನ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ಅವೆರಡು ಇಳಿದರೆ ದಕ್ಷತೆ ಕುಸಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಡೀಸೆಲ್ ಎಂಜಿನ್ ತೊಟ್ಟು ತೊಟ್ಟು ಕುಡಿದರೆ, ಇದು ಇಪ್ಪತ್ತು ಸಾವಿರ ಆರ್‌ಪಿಎಂನಲ್ಲಿ ತಿರುಗುತ್ತಾ ಕುಡಿಯುತ್ತಲೇ ಇರುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೂ ಮೊದಲ ಹಂತದ ರೋಟರ್ ವೇಗ ಹಿಡಿಯುವವರೆಗೆ ಒಂದು, ಒಂದೂವರೆ ಸೆಕೆಂಡ್ ಕಾರು ಮುಂದೆ ಹೋಗುವುದಿಲ್ಲ. ಮೈಲೇಜು ಮತ್ತು ಈ ವಿಳಂಬ, ಎರಡೂ ಬಳಕೆದಾರರ ದೂರಿನ ಪಟ್ಟಿಯಲ್ಲಿದ್ದವು.

ಇದಕ್ಕೆ ಕ್ರೈಸ್ಲರ್ ಎಂಜಿನಿಯರ್ ಜಾರ್ಜ್ ಹ್ಯೂಬ್ನರ್ ಮುಂದಾಳತ್ವದ ತಂಡ ಕಂಡುಕೊಂಡ ಉತ್ತರವೇ ರೀಜನರೇಟರ್. ಇಡೀ ಎಂಜಿನ್ನಿನಲ್ಲಿ ನಿಮ್ಮ ಮಗ ಕೂತು ಓದಬೇಕಾದ ಭಾಗ ಇದು. ತೆಳ್ಳಗಿನ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯನ್ನು ಸುಕ್ಕು ಮಾಡಿ ಚಕ್ಕುಲಿಯ ಹಾಗೆ ಸುತ್ತಿದ ಬಿಲ್ಲೆ; ಅಂಚಿಗೆ ಹಲ್ಲಿನ ಗೇರ್; ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು. ನಿಮಿಷಕ್ಕೆ 9ರಿಂದ 22 ಸುತ್ತು, ಅಷ್ಟೇ ನಿಧಾನ. ಬಿಲ್ಲೆಯ ಅರ್ಧ ಭಾಗದ ಮೂಲಕ ಬಿಸಿ ಹೊಗೆ ಹೊರಹೋಗುತ್ತಾ ಲೋಹವನ್ನು ಕಾಯಿಸುತ್ತದೆ. ಕಾದ ಭಾಗ ತಿರುಗಿ ಇನ್ನೊಂದು ಬದಿಗೆ ಬಂದಾಗ ಒಳಬರುವ ಗಾಳಿಗೆ ಆ ಶಾಖ ದಾಟುತ್ತದೆ. ಇದರಿಂದಾಗಿ ಪೂರ್ಣ ಶಕ್ತಿಯಲ್ಲೂ ಸೈಲೆನ್ಸರ್ ಬಳಿ ಹೊಗೆ ಸುಮಾರು 274 ಡಿಗ್ರಿ ಸೆಲ್ಸಿಯಸ್, ಐಡ್ಲಿಂಗಿನಲ್ಲಿ 82 ಮಾತ್ರ. ಹಿಂದಿನ ಕಾರಿನ ಬಂಪರ್ ಕರಗುತ್ತಿತ್ತು, ರಸ್ತೆಯ ಟಾರು ಕರಗುತ್ತಿತ್ತು ಎಂಬ ಕಥೆಗಳನ್ನು ಇಲ್ಲಿಗೇ ಬಿಟ್ಟುಬಿಡಿ.

ಈ ಬಿಲ್ಲೆಯ ಕಷ್ಟ ಅದರ ಸೀಲಿನಲ್ಲಿದೆ. ಒಂದು ಬದಿಯಲ್ಲಿ ವಾತಾವರಣದ ನಾಲ್ಕು ಪಟ್ಟು ಒತ್ತಡದ ಗಾಳಿ, ಇನ್ನೊಂದು ಬದಿಯಲ್ಲಿ ಒತ್ತಡ ಕಳೆದುಕೊಂಡ ಹೊಗೆ. ನಡುವೆ ಉಜ್ಜಿಕೊಂಡೇ ತಿರುಗಬೇಕಾದ ಸೀಲು. ನೂರಾರು ಡಿಗ್ರಿ ಬಿಸಿಯಲ್ಲಿ ಎಣ್ಣೆ, ಗ್ರೀಸು ಯಾವುದೂ ನಿಲ್ಲುವುದಿಲ್ಲ. ಬಿಗಿ ಮಾಡಿದರೆ ಸವೆಯುತ್ತದೆ, ಸಡಿಲ ಬಿಟ್ಟರೆ ಇಂಧನ ಸುಟ್ಟು ಒತ್ತಿದ ಗಾಳಿ ಸೋರಿಹೋಗುತ್ತದೆ. ಇನ್ನೊಂದು ತೊಡಕು ಆಗ ಯಾರ ಕಣ್ಣಿಗೂ ದೊಡ್ಡದಾಗಿ ಕಂಡಿರಲಿಲ್ಲ: ಬರ್ನರಿಗೆ ಹೋಗುವ ಗಾಳಿ ಮೊದಲೇ ಕಾದಿರುವುದರಿಂದ ಜ್ವಾಲೆಯ ಉಷ್ಣತೆ ಹೆಚ್ಚುತ್ತದೆ, ಅದರೊಂದಿಗೆ ನೈಟ್ರೋಜನ್ ಆಕ್ಸೈಡುಗಳೂ ಹೆಚ್ಚುತ್ತವೆ. 1970ರ ಅಮೆರಿಕದ ವಾಯು ಕಾಯ್ದೆ ಬಂದಾಗ, ಇಂಗಾಲದ ಮಾನಾಕ್ಸೈಡಿನಲ್ಲಿ ಸುಲಭವಾಗಿ ಪಾಸಾಗುತ್ತಿದ್ದ ಈ ಎಂಜಿನ್ ಇಲ್ಲಿ ಎಡವಿತು. ಮೈಲೇಜಿಗೆ ಮದ್ದಾಗಿ ತಂದದ್ದೇ ಹೊಗೆಯ ಪರೀಕ್ಷೆಯಲ್ಲಿ ಅಡ್ಡಬಂತು.

ಲೋಹದ ಖರ್ಚು ಇನ್ನೊಂದು. ಸುಮಾರು 927 ಡಿಗ್ರಿಯ ಅನಿಲದಲ್ಲಿ ಕೆಂಪಗೆ ಕಾದು, ಅಷ್ಟು ವೇಗದಲ್ಲಿ ತಿರುಗುವ ಬ್ಲೇಡಿಗೆ ಸಾಮಾನ್ಯ ಉಕ್ಕು ತಡೆಯುವುದಿಲ್ಲ. ಕ್ರೈಸ್ಲರ್ ಅಗ್ಗದ ಮಿಶ್ರಲೋಹಗಳನ್ನು ತಾನೇ ರೂಪಿಸಿತು, ಆದರೂ ಬೀಡುಕಬ್ಬಿಣದ ವಿ8 ಎಂಜಿನ್ನಿನ ದರಕ್ಕೆ ಇಳಿಸಲಾಗಲಿಲ್ಲ.

ಈಗ ಸುಟ್ಟ ವಿಷಯ. ಕಾರ್ಯಕ್ರಮ ಮುಗಿದ ಮೇಲೆ 55ರಲ್ಲಿ 46 ಕಾರುಗಳನ್ನು ಗುಜರಿಗೆ ಒಯ್ದು, ಬೆಂಕಿ ಹಚ್ಚಿ, ಜಜ್ಜಿಹಾಕಿದ್ದು ನಿಜ. ತೈಲ ಕಂಪನಿಗಳ ಕೈವಾಡದ ಮಾತಿಗೆ ಮಾತ್ರ ಬುಡವಿಲ್ಲ. ಈ ಕಾರು ಪಿಸ್ಟನ್ ಕಾರಿಗಿಂತ ಹೆಚ್ಚು ಇಂಧನ ಕುಡಿಯುತ್ತಿತ್ತು, ಕುಡಿಯುತ್ತಿದ್ದದ್ದೂ ಅದೇ ಕಂಪನಿಗಳ ಡೀಸೆಲ್ ಮತ್ತು ಸೀಮೆಎಣ್ಣೆಯನ್ನು. ಅದನ್ನು ಕೊಲ್ಲುವುದರಿಂದ ಅವರಿಗೆ ಬರುವ ಲಾಭವೇನು? ಎಂಜಿನ್ ಕೆಲಸವೂ ಅಲ್ಲಿಗೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಅಮೆರಿಕ ಸರ್ಕಾರದ ಹಣದಿಂದಲೇ ಮುಂದುವರಿದು, ಕ್ರೈಸ್ಲರ್ ದಿವಾಳಿಯ ಅಂಚಿಗೆ ಬಂದು ಸರ್ಕಾರಿ ಖಾತರಿಯ ಸಾಲ ಪಡೆಯುವ ಹೊತ್ತಿಗೆ ಮುಚ್ಚಿತು.

ಇಟಲಿಯ ಬಾಡಿಗಳ ಮೇಲಿನ ಆಮದು ಸುಂಕ ತಪ್ಪಿಸಲು ಸುಟ್ಟರು ಎಂಬುದು ಎಲ್ಲೆಡೆ ಓದಸಿಗುವ ಕಾರಣ. ಸುಂಕದ ಪ್ರಶ್ನೆ ಇದ್ದಿರಬಹುದು, ಆದರೆ ಪ್ರತಿ ಕಾರಿಗೆ ಅಷ್ಟು ದುಡ್ಡು ಸುರಿದ ಕಂಪನಿಗೆ ಅದೊಂದೇ ಕಾರಣ ಆಗಿತ್ತು ಎಂಬುದನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯವರ ಕಣ್ಣಿನಿಂದ ನೋಡಿ: ಐವತ್ತು ಕಾರು, ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ರಿಪೇರಿ ಗೊತ್ತಿರುವವರು ಬೆರಳೆಣಿಕೆ. ಮಾರಿದರೆ ನಾಲ್ಕು ವರ್ಷದಲ್ಲಿ ಕೆಟ್ಟು ನಿಲ್ಲುತ್ತವೆ, ಯಾರೋ ಟರ್ಬೈನ್ ಕಿತ್ತು ವಿ8 ತುರುಕುತ್ತಾರೆ, ಅಪಘಾತವಾದರೆ ಕೇಸು ಕಂಪನಿಯ ಮೇಲೆ. ಪ್ರಯೋಗದ ಕಾರುಗಳನ್ನು ನಾಶ ಮಾಡುವುದು ಆ ಕಾಲದ ಡೆಟ್ರಾಯ್ಟಿನಲ್ಲಿ ಮಾಮೂಲು ಪದ್ಧತಿಯಾಗಿತ್ತು. ಕಾರಣ ಅರ್ಥವಾಗುತ್ತದೆ, ಆದರೂ ಅದು ತಪ್ಪು ನಿರ್ಧಾರ ಎಂದೇ ನನ್ನ ಎಣಿಕೆ. ಉಳಿದ 9ರಲ್ಲಿ ಮ್ಯೂಸಿಯಂಗಳಿಗೆ ಕೊಟ್ಟವನ್ನು ಎಂಜಿನ್ನಿನ ಮುಖ್ಯ ಭಾಗ ಕಳಚಿ, ಓಡದಂತೆ ಮಾಡಿ ಕೊಟ್ಟರು. ಅದೇ ರೀತಿ ಇನ್ನೂ ಇಪ್ಪತ್ತು ಕಾರುಗಳನ್ನು ತಾಂತ್ರಿಕ ಕಾಲೇಜುಗಳಿಗೆ ಕೊಡಬಹುದಿತ್ತು. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಒಂದಿದೆ. ಸೇಂಟ್ ಲೂಯಿಸ್‌ನ ಸಾರಿಗೆ ಮ್ಯೂಸಿಯಂನಲ್ಲಿರುವುದನ್ನು ಮತ್ತೆ ಓಡುವಂತೆ ಮಾಡಿದ್ದಾರೆ. ಇನ್ನೊಂದನ್ನು ಟಿವಿ ನಿರೂಪಕ ಜೇ ಲೆನೊ 2009ರಲ್ಲಿ ಕ್ರೈಸ್ಲರ್ ಕಂಪನಿಯಿಂದಲೇ ಕೊಂಡರು, ಅದೂ ಓಡುತ್ತದೆ.

'ಯಾವ ಎಣ್ಣೆಯಾದರೂ ಸರಿ' ಎಂಬ ಮಾತಿಗೆ ಬರೋಣ. ಟರ್ಬೈನಿನಲ್ಲಿ ಬೆಂಕಿ ಒಮ್ಮೆ ಹೊತ್ತಿದರೆ ಆರುವುದಿಲ್ಲ, ನಿರಂತರ ಉರಿಯುತ್ತದೆ. ಪೆಟ್ರೋಲ್ ಎಂಜಿನ್ನಿನ ಆಕ್ಟೇನ್, ನಿಮ್ಮ ಡೀಸೆಲ್ಲಿನ ಸೀಟೇನ್, ಇಂಧನ ಸಿಲಿಂಡರಿನಲ್ಲಿ ಹೇಗೆ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಈ ಎರಡು ಅಂಕಿಗಳೂ ಇಲ್ಲಿ ಲೆಕ್ಕಕ್ಕಿಲ್ಲ. ಹನಿಯಾಗಿ ಒಡೆದು ಉರಿದರೆ ಸಾಕು. ಮೆಕ್ಸಿಕೊ ಅಧ್ಯಕ್ಷ ಅಡಾಲ್ಫೊ ಲೋಪೆಸ್ ಮಟೆಯೋಸ್ ಅವರೆದುರು ಟಕೀಲಾ ಹಾಕಿ ಓಡಿಸಿದ್ದೂ ಹೀಗೆಯೇ. ಆದರೆ ಅದು ಪ್ರದರ್ಶನ. ನೂರಕ್ಕೆ ನಲವತ್ತು ಆಲ್ಕೋಹಾಲ್ ಇರುವ ಮಾಮೂಲು ಟಕೀಲಾದಲ್ಲಿ, ಕಿಲೊ ಲೆಕ್ಕದಲ್ಲಿ, ಡೀಸೆಲ್ಲಿನ ನಾಲ್ಕನೇ ಒಂದು ಪಾಲು ಶಾಖವೂ ಇಲ್ಲ. ಇನ್ನು ನಿತ್ಯಬಳಕೆಗೆ ಆಗದ ಇಂಧನ ಯಾವುದು ಗೊತ್ತೇ? ಆ ಕಾಲದ ಬಂಕುಗಳಲ್ಲಿ ಎಲ್ಲೆಡೆ ಸಿಗುತ್ತಿದ್ದ ಸೀಸ ಬೆರೆಸಿದ ಪೆಟ್ರೋಲು. ಸೀಸ ಒಳಭಾಗಗಳ ಮೇಲೆ ಪದರವಾಗಿ ಕೂರುತ್ತಿತ್ತು. ಉರಿಯುವುದು ಒಂದು, ಉರಿದ ಮೇಲೆ ಏನು ಉಳಿಯುತ್ತದೆ ಎಂಬುದು ಇನ್ನೊಂದು. ಹೊಂಗೆಯ ಕಥೆಯೂ ಇದೇ.

ಗಾಣದ ಹೊಂಗೆ ಎಣ್ಣೆ 40 ಡಿಗ್ರಿಯಲ್ಲಿ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ತಣ್ಣಗಿರುವಾಗ ನಾಝಲ್‌ನಿಂದ ಮಂಜಿನ ಬದಲು ದಾರದಂತೆ ಬರುತ್ತದೆ. ದೊಡ್ಡ ಹನಿ ಪೂರ್ತಿ ಉರಿಯದೆ ಜ್ವಾಲಾ ಕೊಳವೆಯ (ಇಂಧನ ಉರಿಯುವ, ರಂಧ್ರಗಳಿರುವ ತಗಡಿನ ಕೊಳವೆ) ಗೋಡೆಗೆ ಬಡಿದು ಕರಿಯಾಗಿ ಕೂರುತ್ತದೆ. ಆ ಕರಿಯ ಚಕ್ಕೆ ಕಿತ್ತುಬಂದು ಟರ್ಬೈನ್ ಚಕ್ರಕ್ಕೆ ಹೊಡೆದರೆ ಬ್ಲೇಡಿನ ಅಂಚು ಚಿಪ್ಪೇಳುತ್ತದೆ. 70-80 ಡಿಗ್ರಿಗೆ ಕಾಯಿಸಿದರೆ ತೆಳುವಾಗುತ್ತದೆ, ಡೀಸೆಲ್ಲಿನಷ್ಟು ಆಗುವುದಿಲ್ಲ. ಹಾಗಾಗಿ ಬಯೋಡೀಸೆಲ್ ಮಾಡಿಕೊಂಡೇ ಬಳಸಿ. ಹೊಂಗೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಹೆಚ್ಚು. ಶೇಕಡಾ 2 ದಾಟಿದ್ದರೆ ನೇರವಾಗಿ ಕಾಸ್ಟಿಕ್ ಹಾಕಬೇಡಿ, ಸೋಪಾಗುತ್ತದೆ. ಮೊದಲು ಮೆಥನಾಲ್ ಜೊತೆ ಆಮ್ಲದ ಹಂತ, ಆಮೇಲೆ ಕ್ಷಾರದ ಹಂತ. ಕೊನೆಗೆ ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿಯುವ ಸೋಪು ಎಂದರೆ ಸೋಡಿಯಂ. ಅದು ಗಂಧಕದೊಂದಿಗೆ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ, 884 ಡಿಗ್ರಿಯಲ್ಲಿ ಕರಗಿ ಬ್ಲೇಡಿನ ಮೇಲೆ ಅಂಟಿ, ಲೋಹವನ್ನು ಕಾಯುವ ಆಕ್ಸೈಡ್ ಪೊರೆಯನ್ನೇ ತಿನ್ನುತ್ತದೆ. ಡೀಸೆಲ್ ಎಂಜಿನ್ ಸಹಿಸಿಕೊಳ್ಳುವ ಬಯೋಡೀಸೆಲ್ಲನ್ನು ಟರ್ಬೈನ್ ಸಹಿಸದಿರುವುದು ಇದರಿಂದ. ಪೈಪುಗಳಲ್ಲಿ ನೈಟ್ರೈಲ್ ರಬ್ಬರ್ ಊದಿಕೊಳ್ಳುತ್ತದೆ, ವೈಟಾನ್ ಎಂಬ ರಬ್ಬರ್ ಹಾಕಿ.

ಇನ್ನು ಅಂಬಾಸಿಡರ್. ಬೇಡ ಎಂದು ನೇರವಾಗಿಯೇ ಹೇಳುತ್ತೇನೆ. ಲಾರಿ ಟರ್ಬೊದಿಂದ ನಿಮಗೆ ಸಿಗುವುದು ಬಿಸಿ ಅನಿಲ ಮಾತ್ರ. ಗಾಲಿ ತಿರುಗಿಸಬೇಕಾದರೆ ಅದರ ಹಿಂದೆ ಇನ್ನೊಂದು ದೊಡ್ಡ ಟರ್ಬೈನ್, ಅದರ ವೇಗ ಇಳಿಸುವ ಗೇರ್ ಬೇಕು. ಕ್ರೈಸ್ಲರ್ ಕಾರಿನಲ್ಲಿ ಆ ಗೇರ್ ಸುಮಾರು 45,700 ಆರ್‌ಪಿಎಂ ಅನ್ನು 4,680ಕ್ಕೆ ಇಳಿಸುತ್ತಿತ್ತು. ಅಂಥದ್ದನ್ನು ಮನೆಯಲ್ಲಿ ಕೆತ್ತಲಾಗದು. ರೀಜನರೇಟರ್ ಇಲ್ಲದ ಟರ್ಬೊ ಎಂಜಿನ್ನಿನ ದಕ್ಷತೆ ಶೇಕಡಾ ಹತ್ತನ್ನೂ ಮುಟ್ಟುವುದಿಲ್ಲ. ನೋಂದಣಿಯಾದ ವಾಹನದ ಎಂಜಿನ್ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲಕ್ಷ ಆರ್‌ಪಿಎಂ ಮುಟ್ಟಬಲ್ಲ ಚಕ್ರ ಒಡೆದರೆ ಚೂರುಗಳು ಅದು ತಿರುಗುವ ಸಮತಲದಲ್ಲೇ ಗುಂಡಿನಂತೆ ಹಾರುತ್ತವೆ. ಬಾನೆಟ್ಟಿನ ತಗಡು ಅದಕ್ಕೆ ತಡೆಯಲ್ಲ.

ನೆಲಕ್ಕೆ ಬೋಲ್ಟ್ ಮಾಡಿದ ಸ್ಟ್ಯಾಂಡಿನ ಮೇಲೆ ಓಡಿಸುವುದಾದರೆ ಒಳ್ಳೆಯ ಪ್ರಾಜೆಕ್ಟ್. ಟರ್ಬೊ ಶಾಫ್ಟಿನ ಅಡ್ಡ ಆಟ ಸ್ವಲ್ಪ ಇರಬಹುದು, ಉದ್ದುದ್ದ ಆಟ 0.1 ಮಿ.ಮೀ. ದಾಟಬಾರದು, ಬ್ಲೇಡ್ ಎಲ್ಲೂ ಹೌಸಿಂಗಿಗೆ ತಾಗಿದ ಗುರುತಿರಬಾರದು. ಬೇರಿಂಗಿಗೆ ಬೇರೆಯೇ ಎಲೆಕ್ಟ್ರಿಕ್ ಆಯಿಲ್ ಪಂಪ್, 3ರಿಂದ 4 ಬಾರ್. ಆಯಿಲ್ ವಾಪಸ್ ಪೈಪ್ ದಪ್ಪಗಿದ್ದು ನೇರ ಕೆಳಗಿಳಿಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಪೈಪ್ ಸಣ್ಣದಾದರೆ ಅಥವಾ ಬಾಗಿದರೆ ಎಣ್ಣೆ ಸೀಲು ದಾಟಿ ಒಳನುಗ್ಗುತ್ತದೆ. ಆಗ ನೀವು ಇಂಧನ ಬಂದ್ ಮಾಡಿದರೂ ಎಂಜಿನ್ ಆ ಎಣ್ಣೆಯನ್ನೇ ಸುಡುತ್ತಾ ಓಡುತ್ತದೆ.

ಮೊದಲು ಎಲ್‌ಪಿಜಿಯಲ್ಲೇ ಓಡಿಸಿ. ಸಿಲಿಂಡರ್ ದೂರದಲ್ಲಿರಲಿ, ಕರೆಂಟ್ ಹೋದರೆ ತಾನೇ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇರಲಿ, ಸ್ವಿಚ್ ನಿಮ್ಮ ಕೈಯಲ್ಲಿರಲಿ. ಆಯಿಲ್ ಒತ್ತಡ ಬಂದ ಮೇಲೆ ಬ್ಲೋವರ್, ಆಮೇಲೆ ಕಿಡಿ, ಕೊನೆಗೆ ಗ್ಯಾಸ್. ಹೊತ್ತಿಕೊಳ್ಳದಿದ್ದರೆ ಗ್ಯಾಸ್ ನಿಲ್ಲಿಸಿ, ಅರ್ಧ ನಿಮಿಷ ಬರೀ ಗಾಳಿ ಊದಿ ಒಳಗಿನದನ್ನು ಹೊರಹಾಕದೆ ಮತ್ತೆ ಕಿಡಿ ಕೊಡಬೇಡಿ. ಹೊರಹೋಗುವ ಅನಿಲ 650 ಡಿಗ್ರಿ, ಕಂಪ್ರೆಸರ್ ಒತ್ತಡ ಗೇಜಿನಲ್ಲಿ 1 ಬಾರ್, ಇವೆರಡು ನಿಮ್ಮ ಮಿತಿ. ನಿಲ್ಲಿಸಿದ ಮೇಲೂ ಟರ್ಬೈನ್ ಹೌಸಿಂಗ್ 100 ಡಿಗ್ರಿಗೆ ಇಳಿಯುವವರೆಗೆ ಆಯಿಲ್ ಪಂಪ್, ಬ್ಲೋವರ್ ಎರಡೂ ನಡೆಯುತ್ತಿರಲಿ, ಇಲ್ಲವಾದರೆ ಬೇರಿಂಗಿನಲ್ಲಿ ಎಣ್ಣೆ ಸೀದು ಕರಿಯಾಗುತ್ತದೆ. ಚಕ್ರದ ಸುತ್ತ ದಪ್ಪ ಎಂಎಸ್ (ಮೆದು ಉಕ್ಕು) ಪ್ಲೇಟಿನ ಬಳೆ ಹಾಕಿ, ಆ ನೇರಕ್ಕೆ ಯಾರೂ ನಿಲ್ಲಬೇಡಿ. ಬಯಲಲ್ಲೇ ಓಡಿಸಿ, ಕಿವಿಗೆ ರಕ್ಷಣೆ ಇರಲಿ.

ಹೊಂಗೆ ಬಯೋಡೀಸೆಲ್ ಪರೀಕ್ಷೆಯನ್ನು ಟರ್ಬೊ ಇಲ್ಲದೆ ಬೇರೆ ಬರ್ನರಿನಲ್ಲಿ ಮಾಡಿ. ಅಲ್ಲಿ ನಿಮ್ಮ ಕೈಚಳಕಕ್ಕೆ ಬೆಲೆ ಇದೆ. ಡೀಸೆಲ್ ಇಂಜೆಕ್ಟರ್ ಬಿಟ್ಟುಬಿಟ್ಟು ಹೊಡೆಯುತ್ತದೆ, ಇಲ್ಲಿ ಬೇಕಾದದ್ದು ಬಾಯ್ಲರ್ ಬರ್ನರಿನಲ್ಲಿರುವಂಥ, 7ರಿಂದ 10 ಬಾರಿನಲ್ಲಿ ಸತತವಾಗಿ ಶಂಕುವಿನಂತೆ ಸಿಂಪಡಿಸುವ ನಾಝಲ್. ಡೀಸೆಲ್, ಬಯೋಡೀಸೆಲ್, ಕಾಯಿಸಿದ ಹಸಿ ಎಣ್ಣೆ, ಮೂರರಲ್ಲೂ ಒಂದೊಂದು ಗಂಟೆ ಉರಿಸಿ ನಾಝಲ್ ತುದಿಯನ್ನು ಪಕ್ಕಪಕ್ಕ ಇಟ್ಟು ಫೋಟೊ ತೆಗೆಯಿರಿ. ಪ್ರಾಜೆಕ್ಟ್ ವರದಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಜ್ವಾಲಾ ಕೊಳವೆಯ ಅಳತೆಗೆ ಟರ್ಬೊ ಕಂಪ್ರೆಸರಿನ ಬಾಯಿಯಲ್ಲಿರುವ ಬ್ಲೇಡುಗಳ ವ್ಯಾಸವೇ ಆಧಾರ. ಅದು 50 ಮಿ.ಮೀ. ಎಂದಿಟ್ಟುಕೊಳ್ಳಿ. ಕೊಳವೆಯ ವ್ಯಾಸ ಅದರ ಎರಡರಷ್ಟು, 100. ಉದ್ದ ಆರರಷ್ಟು, 300. ರಂಧ್ರಗಳ ಒಟ್ಟು ವಿಸ್ತೀರ್ಣ ಆ ಬಾಯಿಯಷ್ಟೇ, ಸುಮಾರು 1,960 ಚದರ ಮಿ.ಮೀ. ಗ್ಯಾಸ್ ಬರುವ ತುದಿಯಲ್ಲಿ 5 ಮಿ.ಮೀ. ರಂಧ್ರ 30, ನಡುವೆ 6 ಮಿ.ಮೀ. 14, ಟರ್ಬೈನಿನ ಕಡೆ 12.5 ಮಿ.ಮೀ. 8. ಸ್ಟೇನ್‌ಲೆಸ್ ತಗಡೇ ಆಗಬೇಕು. ಜಿಐ ಪೈಪಿನ ಸತು ಕಾದಾಗ ಬರುವ ಹೊಗೆ ವಿಷ. ಟರ್ಬೈನಿನ ಬಾಯಿಂದ ಹಳದಿ ಜ್ವಾಲೆ ಹೊರಗೆ ಕಂಡರೆ ಉರಿಯುವಿಕೆ ಕೊಳವೆಯೊಳಗೆ ಮುಗಿಯುತ್ತಿಲ್ಲ ಎಂದರ್ಥ. ಕೂಡಲೇ ಗ್ಯಾಸ್ ನಿಲ್ಲಿಸಿ, ತಣಿಸಿ, ಮೊದಲ ಸಾಲಿನ ರಂಧ್ರಗಳನ್ನು ಮತ್ತೆ ಅಳೆದು ನೋಡಿ.